ಬಾತುಕೋಳಿಗಳ ಸುದ್ದಿ ಓದಿದ ಸಂಜೆ

ನಮ್ಮೂರಿನಲ್ಲಿ ದೊಡ್ಡಮ್ಮನ ದನಿ ಗೊತ್ತಿಲ್ಲದವರು ಇರಲಿಲ್ಲ. ಮುಖ ಗೊತ್ತಿದ್ದವರು ಮಾತ್ರ ಕಡಿಮೆ. ಅಂಗಡಿಯಲ್ಲಿ ನಿಂತು ಅವಳು ಸಕ್ಕರೆ ಕೇಳಿದರೆ ಪಕ್ಕದವರು ಬೆಚ್ಚಿ ತಿರುಗಿ, “ಅಯ್ಯೋ, ಸುದ್ದಿ ಅಕ್ಕ ನೀವೇನಾ? ಇನ್ನೂ ಎತ್ತರಕ್ಕಿರ್ತೀರಿ ಅಂದ್ಕೊಂಡಿದ್ದೆ” ಎನ್ನುತ್ತಿದ್ದರು. ದೊಡ್ಡಮ್ಮ ನಕ್ಕು, “ರೇಡಿಯೋನ ಕಪಾಟಿನ ಮೇಲೆ ಇಟ್ಟಿರ್ತೀರಲ್ಲ, ಅದಕ್ಕೆ ಹಾಗನ್ಸುತ್ತೆ” ಎನ್ನುತ್ತಿದ್ದಳು.

ಹರೆಯದಲ್ಲಿ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರವರ ಕರೆಗಳನ್ನು ಜೋಡಿಸುತ್ತಿದ್ದವಳು. ಯಂತ್ರ ಬಂದು ಆ ಕೆಲಸ ಹೋಯಿತು. ಗಂಡ ಅದಕ್ಕೂ ಮುಂಚೆಯೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಮುಂದೆ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಊರವರೇ ಸೇರಿ ಪುಟ್ಟದೊಂದು ರೇಡಿಯೋ ಕೇಂದ್ರ ತೆರೆದಾಗ, ಸುದ್ದಿ ಓದುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಸಂಜೆಯ ಸುದ್ದಿ ಅವಳ ಪಾಲಿಗೆ ಬಂತು.

ನನ್ನ ಅಮ್ಮ ಅವಳ ಒಬ್ಬಳೇ ತಂಗಿ. ಅಪ್ಪ ಊರಾಚೆ ಮೊಟ್ಟೆ ಕೋಳಿಗಳ ಫಾರಂ ನಡೆಸುತ್ತಿದ್ದ. ಓದು ಮುಗಿಸಿದ ಮೇಲೆ ನಾನೂ ಅಲ್ಲೇ ಕೆಲಸಕ್ಕೆ ನಿಂತಿದ್ದೆ. ರೇಡಿಯೋ ಕೋಣೆಗೆ ಹೊರಗಿನ ಸದ್ದು ನುಗ್ಗದಿರಲಿ ಎಂದು ಅಪ್ಪ ಹಳೆಯ ಮೊಟ್ಟೆ ಟ್ರೇಗಳನ್ನು ತಂದು ನಾಲ್ಕೂ ಗೋಡೆಗೆ ಬಡಿದಿದ್ದ. “ಅಕ್ಕ, ಇನ್ನು ನೀವು ಮೊಟ್ಟೆಯೊಳಗಿನ ಮರಿ ಥರ. ಊರೇ ಹೊತ್ಕೊಂಡು ಉರಿದ್ರೂ ನಿಮಗೆ ಕೇಳ್ಸಲ್ಲ” ಎಂದು ತಮಾಷೆ ಮಾಡಿದ್ದ.

ಅವಳು ಓದುತ್ತಿದ್ದ ಸುದ್ದಿಗಳು ದೊಡ್ಡವೇನಲ್ಲ. ಈಜುಕೊಳದ ನೀರು ಬದಲಿಸುವ ದಿನ, ಜೋಳಕ್ಕೆ ಬಿದ್ದ ಹುಳು, ಅದಕ್ಕೆ ಹೊಡೆಯುವ ಔಷಧಿ, ಹಿರಿಯರ ಇಸ್ಪೀಟು ಪಂದ್ಯದಲ್ಲಿ ಗೆದ್ದವರು ಯಾರು ಮತ್ತು ಸೋತವರು ಏಕೆ ಒಪ್ಪುತ್ತಿಲ್ಲ. ಒಮ್ಮೆ ಕೆರೆಯ ದಂಡೆಯ ಬೆಂಚಿನ ಮೇಲೆ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿತ್ತು. “ಕಳೆದುಕೊಂಡವರು ಬಂದು, ಹಾಕಿ ತೋರಿಸಿ, ತೆಗೆದುಕೊಂಡು ಹೋಗಬಹುದು” ಎಂದು ಅವಳು ಗಂಭೀರವಾಗಿ ಓದಿದಾಗ ಇಡೀ ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಸುದ್ದಿ ಎಷ್ಟೇ ಸಣ್ಣದಾಗಲಿ, ಅವಳು ವಿಚಾರಿಸದೆ ಓದುತ್ತಿರಲಿಲ್ಲ. ಜೋಳದ ಹುಳುವಿನ ಬಗ್ಗೆ ಓದುವ ಮುನ್ನ ಹೊಲಕ್ಕೇ ಹೋಗಿ ಎಲೆ ಮಗುಚಿ ನೋಡಿ ಬಂದಿದ್ದಳು.

ಆ ವರ್ಷ ಊರಿನ ನಾಟಕ ಮಂದಿರದ ಚಾವಣಿ ಕೈಕೊಟ್ಟಿತು. ತಗಡುಗಳು ತುಕ್ಕು ಹಿಡಿದು ಕಳಚಿದ್ದವು, ತೊಲೆಗಳು ನೆನೆದು ಕೊಳೆಯುತ್ತಿದ್ದವು. ಊರಿನ ಹವ್ಯಾಸಿ ತಂಡವನ್ನು ಬಹುಕಾಲದಿಂದ ಎಳೆದುಕೊಂಡು ಬಂದಿದ್ದ ನಾಟಕದ ಮೇಷ್ಟ್ರು, ದುರಸ್ತಿಗೆ ನಿಧಿ ಕೂಡಿಸಲು ಒಂದು ಭಾನುವಾರ ಕೆರೆಯ ದಂಡೆಯಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟುಕೊಂಡರು. ದೋಣಿ ಪಂದ್ಯ, ಮಕ್ಕಳ ಈಜು, ಹಾಡು, ಸಂಜೆಗೆ ನಾಟಕ. ಅಪ್ಪ ತಿಂಡಿ ಅಂಗಡಿಗೆ ಬೇಕಾದ ಮೊಟ್ಟೆಯೆಲ್ಲ ಬಿಟ್ಟಿ ಕೊಡುವುದಾಗಿ ಹೇಳಿದ್ದ. ದೊಡ್ಡಮ್ಮ ಹಿಂದೆ ಆ ಮಂದಿರದಲ್ಲಿ ಪರದೆಯ ಮರೆಗೆ ನಿಂತು, ನಟರು ಮಾತು ಮರೆತಾಗ ಮೆಲ್ಲಗೆ ಹೇಳಿಕೊಡುತ್ತಿದ್ದವಳು. ಅವಳಿಗೆ ಅದು ತವರಿದ್ದಂತೆ. ದಿನವೂ ಸುದ್ದಿಯ ಕೊನೆಗೆ, “ಭಾನುವಾರ ಮರೆಯಬೇಡಿ, ಮಂದಿರಕ್ಕೆ ಒಂದು ಸೂರು ಬೇಕಿದೆ” ಎಂದು ಸೇರಿಸುತ್ತಿದ್ದಳು.

ಆ ವಾರವೇ ಕೆರೆಯಲ್ಲಿ ಬಾತುಕೋಳಿಗಳು ಸತ್ತವು.

ಮೊದಲು ಕಂಡವನು ದೋಣಿ ಬಾಡಿಗೆಗೆ ಬಿಡುವವನು. ಬೆಳಿಗ್ಗೆ ದೋಣಿ ಬಿಚ್ಚಲು ಹೋದರೆ, ಬೇಸಿಗೆಗೆ ತಗ್ಗಿದ ನೀರಿನಲ್ಲಿ, ಹಸಿರು ಪಾಚಿಯ ನಡುವೆ ಕತ್ತು ಚೆಲ್ಲಿ ತೇಲುತ್ತಿದ್ದವು. ಅವನು ದೊಡ್ಡಮ್ಮನಿಗೆ ತಿಳಿಸಿದ. ಅವಳು ಹೋಗಿ ಕಣ್ಣಾರೆ ನೋಡಿ, ದನದ ಡಾಕ್ಟರನ್ನು ಕಂಡಳು. “ಏನಂತ ಈಗಲೇ ಹೇಳಕ್ಕಾಗಲ್ಲಮ್ಮ. ಪರೀಕ್ಷೆಗೆ ಕಳಿಸಿದ್ದೀನಿ. ಫಲಿತಾಂಶ ಬರೋವರೆಗೂ ಮಕ್ಕಳನ್ನ ಆ ನೀರಿಗೆ ಇಳಿಸಬೇಡಿ ಅಂತ ಮಾತ್ರ ಹೇಳ್ತೀನಿ” ಎಂದರು ಅವರು.

ಸಂಜೆ ನಾನು ಎಂದಿನಂತೆ ರೇಡಿಯೋ ಕೋಣೆಗೆ ಹೋಗಿದ್ದೆ. ಸುದ್ದಿಗೆ ಮುಂಚೆ ಅವಳ ಜೊತೆ ಟೀ ಕುಡಿಯುವುದು ನನ್ನ ರೂಢಿ. ಅಲ್ಲಿ ಮೇಷ್ಟ್ರು ಆಗಲೇ ಕೂತಿದ್ದರು. ಮುಖ ಬಾಡಿತ್ತು.

“ಎರಡು ದಿನ ತಡೀರಿ ಅಷ್ಟೆ. ಭಾನುವಾರ ಕಳೀಲಿ. ಈ ಮಳೆಗಾಲ ಆ ಚಾವಣಿ ತಡೆಯಲ್ಲ, ನಿಮಗೂ ಗೊತ್ತು.”

“ಈಜಿಗೆ ಮಕ್ಕಳ ಹೆಸರು ಬರೆಸಿಕೊಂಡಿದ್ದೀರಲ್ಲ ಮೇಷ್ಟ್ರೇ” ಎಂದಳು ದೊಡ್ಡಮ್ಮ.

“ಈಜು ಬಿಟ್ಬಿಡ್ತೀನಿ, ಏನೋ ನೆಪ ಹೇಳ್ತೀನಿ.”

“ಭಾನುವಾರ ಬಿಡ್ತೀರಿ. ಇವತ್ತು, ನಾಳೆ ಆಡೋ ಮಕ್ಕಳು? ದನಕ್ಕೆ ನೀರು ಕುಡಿಸೋರು?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಅಮ್ಮ. ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಓಡಿ ಬಂದಿದ್ದಳು. ಸೆರಗಿಗೆ ಕೋಳಿ ಮೇವಿನ ಪುಡಿ ಹತ್ತಿತ್ತು. ಬಾತುಕೋಳಿಗಳ ಸುದ್ದಿ ಸಂಜೆ ರೇಡಿಯೋದಲ್ಲಿ ಬರುತ್ತದೆ ಎಂದು ದೋಣಿಯವನು ಮನೆಗೆ ಬಂದು ಹೇಳಿದ್ದನಂತೆ.

“ಓದ್ಬೇಡ ಅಕ್ಕ” ಎಂದಳು, ಬಾಗಿಲಲ್ಲೇ ನಿಂತು. “ಹಕ್ಕಿ ಸತ್ತಿದೆ ಅಂದ್ರೆ ಜನ ಏನಂದ್ಕೋತಾರೆ? ನಾಳೆಯಿಂದ ನಮ್ಮ ಮೊಟ್ಟೆ ಯಾರು ಮುಟ್ತಾರೆ?”

“ಕೋಳಿ ಅಂತ ನಾನು ಎಲ್ಲಿ ಹೇಳ್ತೀನಿ? ಕಾರಣ ಗೊತ್ತಾಗಿಲ್ಲ ಅಂತಾನೇ ಓದ್ತೀನಿ. ಎರಡು ಸಲ ಓದ್ತೀನಿ ಬೇಕಾದ್ರೆ.”

“ನೀನು ಹೇಳೋದಲ್ಲ ಅಕ್ಕ, ಅವರು ಕೇಳಿಸ್ಕೊಳ್ಳೋದು! ಊರ ಮಕ್ಕಳೆಲ್ಲ ನಿನ್ನ ಕಣ್ಣಿಗೆ ಕಾಣ್ತಾರೆ, ಇವಳು ಕಾಣಲ್ವಾ?” ಎಂದು ಅಮ್ಮ ನನ್ನ ಕಡೆ ಕೈ ಮಾಡಿದಳು.

ದೊಡ್ಡಮ್ಮ ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಆಮೇಲೆ ಎದ್ದು, ಅಮ್ಮನನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿ, ಕುರ್ಚಿ ಎಳೆದುಕೊಂಡು, ತಾನೇ ಪ್ರಸಾರದ ಗುಂಡಿ ಒತ್ತಿದಳು. ದನಿ ಒಂದಿಷ್ಟೂ ನಡುಗಲಿಲ್ಲ. ಕೆರೆಯಲ್ಲಿ ಬಾತುಕೋಳಿಗಳು ಸತ್ತಿವೆ, ಕಾರಣ ಇನ್ನೂ ಗೊತ್ತಾಗಿಲ್ಲ, ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಕ್ಕಳನ್ನೂ ದನಗಳನ್ನೂ ನೀರಿಗೆ ಇಳಿಸಬೇಡಿ. ಕಾರಣ ಇನ್ನೂ ಗೊತ್ತಾಗಿಲ್ಲ ಎಂಬುದನ್ನು ಹೇಳಿದ ಹಾಗೆಯೇ ಎರಡು ಸಲ ಓದಿದಳು. ಅಮ್ಮ ಗೋಡೆಗೆ ಒರಗಿ ನಿಂತು ಪೂರ್ತಿ ಕೇಳಿ ಇಳಿದು ಹೋದಳು.

ಮಾರನೆಯ ಬೆಳಿಗ್ಗೆ ಮೊಟ್ಟೆ ಒಯ್ಯುವ ವ್ಯಾನು ಬರಲಿಲ್ಲ. ಅಪ್ಪ ಫೋನು ಮಾಡಿದರೆ ವ್ಯಾಪಾರಿ, “ಕೋಳಿ ಜ್ವರ ಬಂದಿದೆಯಂತೆ ಸ್ವಾಮಿ, ರೇಡಿಯೋದಲ್ಲೇ ಬಂತಂತೆ” ಎಂದ. ರೇಡಿಯೋದಲ್ಲಿ ಬಂದಿದ್ದು ಅದಲ್ಲ ಎಂದು ಅಪ್ಪ ಎಷ್ಟು ಹೇಳಿದರೂ ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಭಾನುವಾರದ ಕಾರ್ಯಕ್ರಮಕ್ಕೆ ಯಾರೂ ಬರಲಿಲ್ಲ. ಮೇಷ್ಟ್ರು ಕಟ್ಟಿಸಿದ್ದ ಬಣ್ಣದ ಬಟ್ಟೆಗಳು ಖಾಲಿ ದಂಡೆಯ ಮೇಲೆ ಹಾರಾಡುತ್ತಿದ್ದವಂತೆ. ನಾವು ಹೋಗಲಿಲ್ಲ. ನಮಗೆ ನಮ್ಮದೇ ಸಾಕಾಗಿತ್ತು.

ಮೊಟ್ಟೆ ಮಾರದಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಮೇವಿನ ಲಾರಿಯೂ ನಿಂತಿತು. ಚಾಲಕ ಹೆದ್ದಾರಿಯ ತಿರುವಿನಲ್ಲೇ ಗಾಡಿ ನಿಲ್ಲಿಸಿ, “ಒಳಗೆ ಬರಬೇಡ ಅಂದಿದ್ದಾರೆ ಅಣ್ಣ, ನನಗೂ ಮನೇಲಿ ಕೋಳಿ ಇದೆ” ಎಂದ. ಮೂಟೆಗಳನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ, ಇಲ್ಲೇ ಇಳಿಸು ಎಂದು ಅಪ್ಪ ಕೈ ಮುಗಿದ. ಅವನು ಗಾಜು ಏರಿಸಿಕೊಂಡು ಗಾಡಿ ತಿರುಗಿಸಿದ. ಪಕ್ಕದ ಹೊಲದವರು ಸ್ವಲ್ಪ ಜೋಳ ಕೊಟ್ಟರು. ಅದು ಎಲ್ಲಿಗೆ ಸಾಲುತ್ತದೆ? ಇದ್ದ ಮೇವನ್ನು ಅರ್ಧ ಮಾಡಿದೆವು, ಆ ಅರ್ಧವನ್ನು ಮತ್ತೆ ಅರ್ಧ ಮಾಡಿದೆವು. ಪುಕ್ಕಟೆ ಕೊಡುತ್ತೇವೆ, ಒಯ್ಯಿರಿ ಎಂದರೂ ಕೋಳಿ ಮುಟ್ಟುವವರಿಲ್ಲ.

ಹಸಿದ ಕೋಳಿಗಳ ಸದ್ದು ಬೇರೆ ಥರ ಇರುತ್ತದೆ. ನಾವು ಶೆಡ್ಡಿನ ಬಾಗಿಲು ತೆರೆದ ಕೂಡಲೇ ಸಾಲು ಸಾಲಾಗಿ ಕತ್ತುಗಳು ಪಂಜರದಿಂದ ಹೊರಗೆ ಚಾಚುತ್ತಿದ್ದವು, ಬರಿಗೈ ಕಂಡು ಕೂಗಾಟ ಹೆಚ್ಚುತ್ತಿತ್ತು. ಆಮೇಲೆ ಒಂದನ್ನೊಂದು ಕುಕ್ಕತೊಡಗಿದವು. ಪುಕ್ಕ ಕಿತ್ತು, ರಕ್ತ ಕಂಡ ಕಡೆಗೆ ಮತ್ತೆ ಮತ್ತೆ ಕುಕ್ಕಿದವು. ಅಪ್ಪ ಗಾಯವಾದವನ್ನು ಬೇರೆ ಮಾಡಿ ಮಾಡಿ ಸೋತ. ಒಂದು ಮಧ್ಯಾಹ್ನ ಶೆಡ್ಡಿನಿಂದ ಹೊರಗೆ ಬಂದು, ಕೊಳಾಯಿಯಲ್ಲಿ ಕೈ ತೊಳೆದು, “ಇದನ್ನ ನೋಡೋಕಾಗಲ್ಲ. ಮಣ್ಣು ತೋಡೋ ಯಂತ್ರಕ್ಕೆ ಹೇಳ್ಬಿಡು” ಎಂದ.

ಯಂತ್ರದವನು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗುಂಡಿ ತೋಡಿ, ಕೆಳಗೆ ಇಳಿಯದೆ ಕೂತಿದ್ದ. ಉಳಿದ ಕೆಲಸ ಅಪ್ಪನೇ ಮಾಡಿದ. ನನ್ನನ್ನೂ ಅಮ್ಮನನ್ನೂ ಹತ್ತಿರ ಬಿಡಲಿಲ್ಲ.

ದೊಡ್ಡಮ್ಮ ಅಂದು ಬಂದಿದ್ದಳು. ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಅಪ್ಪನೇ ಹೋಗಿ ಮಾತನಾಡಿಸಿದ.

“ನೀವು ಸುಳ್ಳು ಹೇಳಿಲ್ಲ ಅಕ್ಕ. ನನಗೆ ಅದೇ ಕಷ್ಟ ಆಗಿರೋದು. ಸುಳ್ಳು ಹೇಳಿದ್ರೆ ಬಾಯಿಗೆ ಬಂದ ಹಾಗೆ ಬೈದು ಹಗುರ ಆಗ್ಬಹುದಿತ್ತು.”

ಅಮ್ಮ ಒಳಗಿನಿಂದ ಬಾಗಿಲು ಹಾಕಿಕೊಂಡಿದ್ದಳು.

ಆಮೇಲೆ ಫಲಿತಾಂಶ ಬಂತು. ಬಾತುಕೋಳಿಗಳಿಗೆ ಯಾವ ಜ್ವರವೂ ಇರಲಿಲ್ಲ. ನೀರು ತಗ್ಗಿ, ಪಾಚಿ ಕೊಳೆತು, ಆ ಕೊಳೆತದ್ದೇ ವಿಷವಾಗಿತ್ತು. ಆ ನೀರಿಗಿಳಿದ ಮಕ್ಕಳಿಗೂ ಅಪಾಯವಾಗುತ್ತಿತ್ತು ಎಂದು ಡಾಕ್ಟರು ಬರೆದಿದ್ದರು. ಕೋಳಿಗೂ ಇದಕ್ಕೂ ಸಂಬಂಧವೇ ಇಲ್ಲ. ದೊಡ್ಡಮ್ಮ ಅದನ್ನು ಅದೇ ಹೊತ್ತಿಗೆ, ಅದೇ ದನಿಯಲ್ಲಿ ಓದಿದಳು. ಮಾರನೆಯ ದಿನ ಮತ್ತೆ ಓದಿದಳು. ವಾರವಿಡೀ ಓದಿದಳು. “ಮೊಟ್ಟೆ, ಕೋಳಿ ತಿನ್ನಲು ಯಾವ ಭಯವೂ ಬೇಡ” ಎಂದು ಅವಳು ಹೇಳುತ್ತಿದ್ದಾಗ ನಮ್ಮ ಶೆಡ್ಡಿನಲ್ಲಿ ಖಾಲಿ ಪಂಜರಗಳಿದ್ದವು. ಅಮ್ಮ ಎದ್ದು ಹೋಗಿ ರೇಡಿಯೋದ ಕಿವಿ ತಿರುಪಿದಳು. ಆಮೇಲೆ ನಮ್ಮ ಮನೆಯಲ್ಲಿ ಅದು ಮತ್ತೆ ಮಾತನಾಡಲಿಲ್ಲ.

ಒಂದು ಮಗುವೂ ಕಾಯಿಲೆ ಬೀಳಲಿಲ್ಲ. ಆದರೆ ಕಾಯಿಲೆ ಬೀಳದ ಮಕ್ಕಳ ಲೆಕ್ಕ ಯಾರು ಇಡುತ್ತಾರೆ? ಊರಿನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಸುದ್ದಿ ಅಕ್ಕ ಸುಮ್ಮನೆ ಹೆದರಿಸಿದಳು, ಸ್ವಂತ ತಂಗಿಯ ಮನೆಯನ್ನೇ ಹಾಳು ಮಾಡಿದಳು. ಮಳೆಗಾಲದಲ್ಲಿ ಮಂದಿರದ ಚಾವಣಿ ರಂಗದ ಮೇಲೇ ಕುಸಿಯಿತು. ಅದಕ್ಕೆ ಬೀಗ ಜಡಿದು, ಮುಂದೆ ನೀರಿನ ಪೈಪುಗಳನ್ನು ಪೇರಿಸಿಡಲು ಬಳಸಿದರು. ಮೇಷ್ಟ್ರು ದೊಡ್ಡಮ್ಮನನ್ನು ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಜಾಹೀರಾತು ಕೊಡುತ್ತಿದ್ದ ಅಂಗಡಿಯವರು ಒಬ್ಬೊಬ್ಬರಾಗಿ ಹಿಂದೆ ಸರಿದು ರೇಡಿಯೋ ಕೇಂದ್ರವೂ ಮುಚ್ಚಿತು. ಅಪ್ಪ ಪಂಜರಗಳನ್ನು ಗುಜರಿಗೆ ಹಾಕಿ, ಬಸ್ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸಕ್ಕೆ ಸೇರಿದ. ಮತ್ತೆ ಮರಿ ತಂದು ಶುರುಮಾಡೋಣ ಅಪ್ಪ ಎಂದು ನಾನು ಒಮ್ಮೆ ಅಂದಿದ್ದೆ. “ಅವು ಕತ್ತು ಚಾಚ್ತವಲ್ಲ, ಅದನ್ನ ಇನ್ನೊಂದು ಸಲ ನೋಡೋ ಶಕ್ತಿ ನನಗಿಲ್ಲ” ಎಂದ.

ದೊಡ್ಡಮ್ಮ ಬರುವುದನ್ನು ಬಿಡಲಿಲ್ಲ. ರಜೆಯ ದಿನ ಹಣ್ಣಿನ ಚೀಲ ಹಿಡಿದುಕೊಂಡು ಬಂದು ಗೇಟಿನ ಬಳಿಯ ಮೋರಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ಹೋಗಿ ಜೊತೆಗೆ ಕೂತರೆ, “ನಿಮ್ಮಮ್ಮನ ಮಂಡಿ ನೋವು ಹೇಗಿದೆ?” ಎಂದು ಕೇಳುತ್ತಿದ್ದಳು. ಹಣ್ಣನ್ನು ಅಮ್ಮ ಮುಟ್ಟುತ್ತಿರಲಿಲ್ಲ. ಬುಟ್ಟಿಯಲ್ಲೇ ಕೊಳೆಯುತ್ತಿತ್ತು. ಕ್ರಮೇಣ ದೊಡ್ಡಮ್ಮನ ಮಾತು ಕಡಿಮೆಯಾಯಿತು, ಮೈ ಇಳಿಯಿತು. ಬಿಡದ ಕೆಮ್ಮು. ಆಸ್ಪತ್ರೆಗೆ ನಾನೇ ಸೇರಿಸಿದೆ. ಡಾಕ್ಟರು ನನ್ನನ್ನು ಹೊರಗೆ ಕರೆದು ಇನ್ನು ಮಾಡುವಂಥದ್ದು ಏನೂ ಇಲ್ಲ ಎಂದರು.

ಅಮ್ಮನಿಗೆ ಹೇಳಿದೆ. ಅವಳು ಸೀರೆ ಬದಲಿಸಿಕೊಂಡು ಬಂದು, “ನಡಿ” ಎಂದಳು.

ವಾರ್ಡಿನಲ್ಲಿ ಅಮ್ಮ ಹಾಸಿಗೆಯ ತುದಿಯಲ್ಲಿ ಕೂತು, ಅಕ್ಕನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬೆಳೆದ ಉಗುರುಗಳನ್ನು ಕತ್ತರಿಸಿದಳು. ಒಂದು ಕೈಯ ಉಗುರು ಮುಗಿಸಿ ಇನ್ನೊಂದು ಕೈ ಎತ್ತಿಕೊಂಡಾಗ ದೊಡ್ಡಮ್ಮ, ಉಸಿರು ಹಿಡಿದು ಹಿಡಿದು, ಕೇಳಿದಳು:

“ಓದಬಾರದಿತ್ತೇನೇ?”

ಅಮ್ಮ ಹಿಡಿದಿದ್ದ ಬೆರಳಿನ ಉಗುರನ್ನು ಕತ್ತರಿಸಿ ಮುಗಿಸಿದಳು. ಇಲ್ಲ ಅಕ್ಕ, ನೀನು ಮಾಡಿದ್ದು ಸರಿ ಎನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಅದೂ ಆಗದಿದ್ದರೆ ಬೈದಾದರೂ ಬೈಯಲಿ.

“ಗೊತ್ತಿಲ್ಲ ಅಕ್ಕ” ಎಂದಳು ಅಮ್ಮ. “ನನಗೆ ನಿಜವಾಗ್ಲೂ ಗೊತ್ತಿಲ್ಲ.”

ದೊಡ್ಡಮ್ಮ ಹೌದು ಎಂಬಂತೆ ತಲೆಯಾಡಿಸಿ ಗೋಡೆಯ ಕಡೆ ಹೊರಳಿದಳು. ಆ ವಾರವೇ ತೀರಿಕೊಂಡಳು. ಅಂತ್ಯಕ್ರಿಯೆಗೆ ನಾವು ಮೂವರು, ದೋಣಿಯವನು, ಅವಳ ಮನೆಯ ಮಾಲೀಕ, ಇಷ್ಟೇ ಜನ ಇದ್ದೆವು. ಅವಳ ಕೋಣೆ ಖಾಲಿ ಮಾಡಲು ಅರ್ಧ ದಿನವೂ ಹಿಡಿಯಲಿಲ್ಲ.

ಊರಿನ ಬಹಳ ಮಂದಿಗೆ ವಿಷಯ ತಿಳಿದೇ ಇರಲಿಲ್ಲ. ಕೆಲವು ತಿಂಗಳ ಮೇಲೆ ಅಮ್ಮನೂ ನಾನೂ ಬಸ್ಸಿಗೆ ಕಾಯುತ್ತಿದ್ದಾಗ ಹಳೆಯ ಪರಿಚಯದ ದರ್ಜಿ ಹೆಂಗಸು ಪಕ್ಕದಲ್ಲಿ ಬಂದು ಕೂತಳು. ಅದೂ ಇದೂ ಮಾತನಾಡಿ, “ನಿಮ್ಮಕ್ಕ ಕಾಣೋದೇ ಇಲ್ವಲ್ಲ, ಹೇಗಿದ್ದಾರೆ?” ಎಂದು ಕೇಳಿದಳು.

ನಾನು ಅಮ್ಮನ ಮುಖ ನೋಡಿದೆ.

“ಇದ್ದಾಳೆ” ಎಂದಳು ಅಮ್ಮ. ಬಸ್ಸು ಬಂತು. ಅಮ್ಮ ಏಳಲಿಲ್ಲ. ಅದು ಹೋದ ಮೇಲೂ ನಾವು ಅಲ್ಲೇ ಕೂತಿದ್ದೆವು.