ಸಾಹೇಬರ ಪೆಟ್ಟಿಗೆ ಗುಂಯ್ಗುಟ್ಟಿದ ದಿನಗಳು

ಕಳೆದ ತಿಂಗಳು ಪಾಳ್ಯದ ಬಂಧುಗಳ ಮನೆಯಲ್ಲಿ ಪೂಜೆ ಮುಗಿಸಿ ಕುಳಿತಿದ್ದಾಗ, ಆ ಮನೆಯ ಯಜಮಾನರು ಅಟ್ಟದಿಂದ ಇಳಿಸಿದ್ದ ಹಳೆಯ ವಾಲ್ವ್ ರೇಡಿಯೋವನ್ನು ಹಚ್ಚಿದರು. ಅದು ಹಾಡಲಿಲ್ಲ. ಆದರೆ ಒಳಗಿನ ಗಾಜಿನ ವಾಲ್ವುಗಳು ಕಾಯುತ್ತಿದ್ದಂತೆ ಅದರ ಬೆನ್ನಿನಿಂದ ಒಂದು ವಾಸನೆ ಹೊರಟಿತು. ಬಿಸಿಯಾದ ಧೂಳು, ಮೇಣ, ಹಳೆಯ ವಾರ್ನಿಷು ಬೆರೆತ ವಾಸನೆ. ಸುತ್ತಲಿನವರು ನಗುತ್ತಾ ಮಾತಾಡುತ್ತಿದ್ದರು. ನನ್ನ ಕಣ್ಣು ಮಾತ್ರ ಗೋಡೆಯ ಪ್ಲಗ್ಗನ್ನು ಹುಡುಕಿತು. ಆಲೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಾಹೇಬರ ಮುಂಗೋಣೆಯ ವಾಸನೆ ಅದು...

ಸಾಹೇಬರು ತೋಟಗಳಿಂದ ಕಾಫಿ ಮೂಟೆ ಸಾಗಿಸುವ ಲಾರಿಗಳನ್ನು ಇಟ್ಟುಕೊಂಡಿದ್ದವರು. ಯೌವನದಲ್ಲಿ ಸಕಲೇಶಪುರದ ಆರ್ಕೆಸ್ಟ್ರಾ ಒಂದರಲ್ಲಿ ಗಿಟಾರ್ ನುಡಿಸುತ್ತಿದ್ದರಂತೆ. ವ್ಯವಹಾರವನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಆ ಗಿಟಾರು ಮತ್ತೆ ಗೋಡೆಯಿಂದ ಕೆಳಗಿಳಿಯಿತು. ಹೊಂಗಡಹಳ್ಳದ ಕಡೆಯ ಎಸ್ಟೇಟ್ ಬಂಗಲೆಯೊಂದನ್ನು ಖಾಲಿ ಮಾಡುವಾಗ ಸಾಮಾನು ಸಾಗಿಸಲು ಹೋಗಿದ್ದ ಅವರಿಗೆ, ಅಲ್ಲಿನ ಮಾಲೀಕರು ಒಂದು ಹಳೆಯ ಗಿಟಾರ್ ಆಂಪ್ಲಿಫೈಯರನ್ನು ಕೊಟ್ಟು ಕಳಿಸಿದ್ದರು. ಮರದ ಮೈ, ತಗಡಿನ ಬೆನ್ನು, ಒಳಗೆ ವಾಲ್ವುಗಳು. ಇಬ್ಬರು ಹಿಡಿದು ಎತ್ತಬೇಕಾದ ಭಾರ.

ನಾನು ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಗುರುಗಳ ಅನುಗ್ರಹದಿಂದ ಒಂದಿಷ್ಟು ವೀಣೆ ಬಂದಿತ್ತು. ನಮ್ಮ ಸಂಗೀತ ಬೇರೆ, ಅವರದು ಬೇರೆ. ಆದರೂ ಸಾಹೇಬರ ಒಂದು ನಡತೆಯನ್ನು ಕಂಡು ನನಗೆ ಅವರಲ್ಲಿ ಗೌರವ ಹುಟ್ಟಿತ್ತು. ಗಿಟಾರ್ ಮುಟ್ಟುವ ಮೊದಲು ಅವರು ಕೈಕಾಲು ತೊಳೆದುಕೊಳ್ಳುತ್ತಿದ್ದರು. ಚಪ್ಪಲಿ ಬಿಟ್ಟು, ಬರಿಗಾಲನ್ನು ನೆಲಕ್ಕೂರಿ ಕುಳಿತುಕೊಳ್ಳುತ್ತಿದ್ದರು. ತಮಗೆ ಕಲಿಸಿದ ಉಸ್ತಾದರು ಹಾಗೆ ಅಭ್ಯಾಸ ಮಾಡಿಸಿದ್ದರೆಂದು ಹೇಳುತ್ತಿದ್ದರು. ನಾದವನ್ನು ಉಪಾಸನೆಯೆಂದು ತಿಳಿದವರು ಯಾವ ಮನೆಯಲ್ಲಿದ್ದರೇನು? ಅದನ್ನು ನಾನು ಅನೇಕರೆದುರು ಕೊಂಡಾಡಿದ್ದೆ.

ಒಂದು ಮಳೆಗಾಲದಲ್ಲಿ ಹಳೆಯ ಆರ್ಕೆಸ್ಟ್ರಾದ ಗೆಳೆಯರಲ್ಲಿ ಉಳಿದವರೆಲ್ಲ ಕೂಡಿ ಆಲೂರಿನ ಸಮುದಾಯ ಭವನದಲ್ಲಿ ಒಂದು ಕಾರ್ಯಕ್ರಮ ನಡೆಸುವುದೆಂದು ನಿಶ್ಚಯವಾಯಿತು. ಹಾಡುತ್ತಿದ್ದವರು ತೀರಿಹೋಗಿದ್ದರು. ಆದ್ದರಿಂದ ಗಿಟಾರಿನ ಜೊತೆಗೆ ಹಾಡುವ ಹೊಣೆಯೂ ಸಾಹೇಬರ ಮೇಲೆ ಬಿತ್ತು. ಅಭ್ಯಾಸ ಶುರುವಾದ ದಿನವೇ ಆಂಪ್ಲಿಫೈಯರ್ ಗುಂಯ್ಗುಟ್ಟತೊಡಗಿತು.

ಸಣ್ಣ ಸದ್ದಲ್ಲ ಅದು. ಮಂದ್ರದಲ್ಲಿ ಬಿಡದೆ ಮೊರೆಯುವ, ಯಾವ ಸ್ವರಕ್ಕೂ ಪೂರ್ತಿಯಾಗಿ ಸೇರದ ಧ್ವನಿ. ಗೋಡೆ ದಾಟಿ ಬಂದು ನನ್ನ ವೀಣೆಯ ಷಡ್ಜಕ್ಕೆ ಉಜ್ಜಿಕೊಂಡು ನಿಲ್ಲುತ್ತಿತ್ತು. ಸಾಹೇಬರು ವಾಲ್ವುಗಳನ್ನು ಒಂದೊಂದಾಗಿ ಕಿತ್ತು ಒರೆಸಿ ಹಾಕಿದರು. ಹಾಸನಕ್ಕೆ ಒಯ್ದು ಒಳಗಿನ ಒಣಗಿದ ಕಂಡೆನ್ಸರುಗಳನ್ನು ಬದಲಿಸಿ ತಂದರು. ಮನೆಗೆ ಬಂದೊಡನೆ ಮತ್ತೆ ಅದೇ ಮೊರೆತ.

ಭಾನುವಾರ ಕಾರ್ಯಕ್ರಮವೆಂದಿದ್ದ ವಾರ ಆ ಮೊರೆತ ಇದ್ದಕ್ಕಿದ್ದಂತೆ ನಿಂತಿತು. ಸಾಹೇಬರು ಗೋಡೆಯಾಚೆಯಿಂದ ಕೂಗಿದರು.

"ಮೇಷ್ಟ್ರೇ, ಬನ್ನಿ ಇಲ್ಲಿ! ಮಗು ಮಲಗಿದಂಗೆ ಮಲಗ್ಬುಟ್ಟೈತೆ ನೋಡಿ."

ಹೋಗಿ ನೋಡಿದೆ. ನಿಜವಾಗಿಯೂ ನಿಶ್ಶಬ್ದ. ಸಂತೋಷಪಟ್ಟು, ಏನು ಮಾಡಿದಿರೆಂದು ಕೇಳಿದೆ. ಅವರು ಪ್ಲಗ್ಗನ್ನು ಎತ್ತಿ ತೋರಿಸಿದರು. ಮೂರು ಪಿನ್ನಿನ ಪ್ಲಗ್ಗಿನೊಳಗಿನ ಅರ್ಥಿಂಗ್ ವೈರನ್ನು ಕತ್ತರಿಸಿ ಟೇಪು ಸುತ್ತಿದ್ದರು.

"ಎರಡು ವೈರಲ್ಲೇ ನಡೀತೈತೆ. ಈ ಮೂರನೇದು ಸುಮ್ನೆ ದಂಡಕ್ಕೆ ಕಣ್ರೀ."

ಆಮೇಲೆ, ಗಿಟಾರಿಗೆ ಪ್ರತಿಧ್ವನಿ ಕೊಡಲೆಂದು ನಡುವೆ ಜೋಡಿಸುತ್ತಿದ್ದ ಎಕೋ ಪೆಟ್ಟಿಗೆಯನ್ನು ಬದಿಗಿಟ್ಟು, ಗಿಟಾರನ್ನು ನೇರವಾಗಿ ಆಂಪ್ಲಿಫೈಯರಿಗೆ ಜೋಡಿಸಿ, ಅಭ್ಯಾಸಕ್ಕೆಂದು ತಂದಿದ್ದ ಮೈಕಿನೆದುರು ಹಾಡಲು ಹೊರಟರು. ತುಟಿ ಮೈಕಿಗೆ ತಾಗುತ್ತಲೇ ಬೆಚ್ಚಿ ಹಿಂದೆ ಸರಿದು, ಗಟ್ಟಿಯಾಗಿ ನಕ್ಕರು.

"ನೋಡಿದ್ರಾ, ಈ ವಯಸ್ನಲ್ಲೂ ಮೈಕು ಮುತ್ತು ಕೊಡ್ತೈತೆ!"

ನಾನು ನಗಲಿಲ್ಲ. ತಗಡಿನ ಬೆನ್ನಿಗೆ ಬೆರಳಿನ ಹಿಂಬದಿಯನ್ನು ತಾಗಿಸಿದೆ. ಇರುವೆ ಹರಿದಂತೆ ಜುಮ್ಮೆಂದಿತು. ವಿದ್ಯುತ್ತಿನ ಶಾಸ್ತ್ರವನ್ನು ನಾನು ಓದಿದವನಲ್ಲ. ಆದರೆ ಸೋರಿದ ಕರೆಂಟನ್ನು ಮೈಗೆ ಬಿಡದೆ ಮಣ್ಣಿಗೆ ಇಳಿಸಲು ಆ ಮೂರನೆಯ ವೈರು ಇದೆಯೆಂಬುದು ಮನೆ ಕಟ್ಟಿಸಿದ ಯಾರಿಗಾದರೂ ಗೊತ್ತು. ಕೈಯಲ್ಲಿ ಉಕ್ಕಿನ ತಂತಿ, ತುಟಿಯ ಬಳಿ ಕಬ್ಬಿಣದ ಮೈಕು, ಕೆಳಗೆ ತೊಳೆದ ಬರಿಗಾಲು, ಮಳೆಗೆ ಬೆವರುವ ಸಿಮೆಂಟಿನ ನೆಲ... ಇವತ್ತು ಇರುವೆಯಂತೆ ಹರಿದದ್ದು ಭಾನುವಾರ ಸಭೆಯ ನಡುವೆ ಏನಾಗಿ ಬಂದೀತು?

ಅಂದಿನಿಂದ ನನಗೆ ಜಪದಲ್ಲಿ ಮನಸ್ಸು ನಿಲ್ಲಲಿಲ್ಲ. ಗೋಡೆಯಾಚೆ ಗಿಟಾರ್ ಕೇಳಿಸುತ್ತಿದ್ದರೆ ಸಮಾಧಾನ. ಹಾಡಿನ ಮಧ್ಯೆ ನಿಂತರೆ ಉಸಿರು ಹಿಡಿದು, ಮುಂದಿನ ಸ್ವರಕ್ಕಾಗಿ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ನಾನು ಹೂ ಕೊಯ್ಯುತ್ತಿದ್ದಾಗ ಸಾಹೇಬರ ಮನೆಯವರು ಗೋಡೆಯ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಮೇಷ್ಟ್ರೇ, ನಾ ಹೇಳಿದ್ರೆ ಕೇಳಲ್ಲ ಇವ್ರು. ನಿನ್ನೆ ಕೈಗೆ ಶಾಕ್ ಹೊಡ್ದು ಗಿಟಾರ್ ಬಿಟ್ಬುಟ್ರು, ಏನೂ ಆಗಿಲ್ಲ ಅಂದ್ರು. ನಿಮ್ ಮಾತಾದ್ರೆ ಕೇಳ್ತಾರೆ."

ಹೋದೆ. ಅರ್ಥಿಂಗ್ ಜೋಡಿಸಿರೆಂದು ಕೇಳಿಕೊಂಡೆ.

"ಗುಂಯ್ ಅಂತ ಜನದ ಮುಂದೆ ಮರ್ಯಾದೆ ಕಳ್ಕೊಳ್ಳಕ್ಕಾ? ಆಗಲ್ಲ."

"ಹಾಗಾದರೆ ಕಾಲಿಗೆ ರಬ್ಬರಿನ ಚಪ್ಪಲಿಯನ್ನಾದರೂ ಹಾಕಿಕೊಳ್ಳಿ, ಸಾಹೇಬ್ರೇ."

ಅವರು ನನ್ನನ್ನೇ ನೋಡಿದರು. "ನೀವು ಹೇಳ್ತಿದೀರಾ ಇದನ್ನ? ಚಪ್ಪಲಿ ಮೆಟ್ಕಂಡು ವೀಣೆ ಮುಂದೆ ಕೂತೀರಾ ನೀವು?"

ಕೂರಲಾರೆ. ಕೂತೇನೆಂದು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಅವರ ಬಾಳಿನ ಅತ್ಯಂತ ಶುದ್ಧವಾದ ಆಚಾರವೊಂದನ್ನು ಬಿಡಿರೆಂದು ನಾನೇ ಕೇಳುತ್ತಿದ್ದೆ. ಆ ಆಚಾರವೇ ಅವರ ಪ್ರಾಣಕ್ಕೆ ಎರವಾಗಬಹುದೆಂಬ ಭಯ ಬೇರೆ. ಕೊನೆಗೆ ಹೇಳಿದೆ: "ಆ ವೈರನ್ನು ಒಮ್ಮೆ ಕೂಡಿಸಿ. ಸದ್ದು ಎಲ್ಲಿಂದ ಬರುತ್ತದೆ, ಇಬ್ಬರೂ ಕೂತು ಹುಡುಕೋಣ. ಸಿಗದಿದ್ದರೆ ನಾನು ಮತ್ತೆ ಬಾಯಿ ಬಿಡುವುದಿಲ್ಲ."

"ಹಟ ನಿಮ್ದು," ಎನ್ನುತ್ತಾ ಅವರು ಸ್ಕ್ರೂಡ್ರೈವರ್ ತಂದರು.

ವೈರು ಕೂಡಿಸಿ, ಎಕೋ ಪೆಟ್ಟಿಗೆಯನ್ನೂ ಮೊದಲಿನಂತೆ ಜೋಡಿಸಿದರು. ಮೊರೆತ ಹಿಂದಿರುಗಿತು. ಗಿಟಾರಿನ ವೈರು ಬಿಚ್ಚಿದರು. ಮೊರೆತ ಹಾಗೆಯೇ ಇತ್ತು. ಆಂಪ್ಲಿಫೈಯರಿನ ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿದರು, ನಿಂತಿತು. ಎಂದರೆ ಅದು ಆಂಪ್ಲಿಫೈಯರಿನ ಹೊಟ್ಟೆಯೊಳಗಿನದಲ್ಲ, ಹೊರಗಿನಿಂದ ಒಳಗೆ ಬರುತ್ತಿದೆ. ಗುಂಡಿಯನ್ನು ಮತ್ತೆ ಏರಿಸಿ ಎಕೋ ಪೆಟ್ಟಿಗೆಯನ್ನು ಕಳಚಿದರು. ತಣ್ಣಗಾಯಿತು.

"ಹಂಗಾದ್ರೆ ಎಕೋನೇ ಕೆಟ್ಟೈತೆ," ಎಂದರು ಸಾಹೇಬರು.

ಎಕೋ ಪೆಟ್ಟಿಗೆಯ ವೈರು ಎಲ್ಲಿಗೆ ಹೋಗುತ್ತದೆಂದು ನಾನು ಕಣ್ಣಿನಲ್ಲೇ ಹಿಂಬಾಲಿಸಿದೆ. ಅದು ಕಿಟಕಿ ದಾಟಿ, ಗೋಡೆ ಹತ್ತಿ, ನಮ್ಮ ಮನೆಗೆ ಹೋಗುತ್ತಿತ್ತು! ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಬಾರದಿರುವ ಊರು ನಮ್ಮದು. ಅವರ ಮನೆಯಲ್ಲೂ ಒಂದು ದೀಪ ಉರಿಯಲೆಂದು ನಮ್ಮ ಇನ್ವರ್ಟರಿನಿಂದ ಒಂದು ಲೈನು ಎಳೆಸಿ ಕೊಟ್ಟಿದ್ದೆ. ಕರೆಂಟು ಏರಿಳಿದರೂ ಎಕೋ ಒಂದೇ ಸಮನೆ ನಡೆಯಲೆಂದು ಸಾಹೇಬರು ಅದನ್ನು ಆ ಲೈನಿಗೆ ಸಿಕ್ಕಿಸಿದ್ದರು. ಆಂಪ್ಲಿಫೈಯರ್ ಅವರ ಮನೆಯ ಮಣ್ಣಿಗೆ, ಎಕೋ ನಮ್ಮ ಮನೆಯ ಮಣ್ಣಿಗೆ. ಎರಡು ಮನೆಗಳ ಅರ್ಥಿಂಗ್ ಗುಂಡಿಗಳ ನಡುವಿನ ವಿದ್ಯುತ್ತಿನ ಸಣ್ಣ ವ್ಯತ್ಯಾಸವೇ ಎಕೋವನ್ನೂ ಆಂಪ್ಲಿಫೈಯರನ್ನೂ ಕೂಡಿಸುವ ವೈರಿನಲ್ಲಿ ಸುತ್ತು ಹಾಕಿ ಮೊರೆಯುತ್ತಿತ್ತು.

ಎಕೋ ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತು ಆಂಪ್ಲಿಫೈಯರ್ ಇದ್ದ ಸ್ವಿಚ್ ಬೋರ್ಡಿಗೇ ಸಿಕ್ಕಿಸಿದರು. ಅರ್ಥಿಂಗ್ ಇದ್ದೂ ನಿಶ್ಶಬ್ದ. ತಗಡಿನ ಬೆನ್ನು ಮುಟ್ಟಿದೆ, ಇರುವೆ ಹರಿಯಲಿಲ್ಲ.

ಸಾಹೇಬರು ತೊಡೆ ತಟ್ಟಿ ನಕ್ಕರು. "ಅಯ್ಯೋ ಮಾರಾಯ್ರೇ! ಊರೆಲ್ಲ ಹುಡುಕಿದ್ನಲ್ಲ, ಕಳ್ಳ ನಿಮ್ಮನೆಯಿಂದ್ಲೇ ಬರ್ತಿದ್ದ!"

ಒಳಗಿನಿಂದ ಅವರ ಮನೆಯವರ ದನಿ ಬಂತು: "ಕಳ್ಳನ್ನ ಕರ್ಕೊಂಡು ಬಂದಿದ್ದು ಯಾರೋ!"

ಅಷ್ಟಾದರೂ ಭಾನುವಾರ ನನ್ನ ಭಯ ಹೋಗಿರಲಿಲ್ಲ. ಭವನದ ಮುಂದಿನ ಸಾಲಿನಲ್ಲಿ ಕುಳಿತಿದ್ದೆ. ಸಾಹೇಬರು ವೇದಿಕೆಯ ಬದಿಯಲ್ಲಿ ಕಾಲು ತೊಳೆದು ಬರಿಗಾಲಿನಲ್ಲೇ ಬಂದರು. ಮೈಕಿನವನು ಆಂಪ್ಲಿಫೈಯರಿನಿಂದ ದೂರದಲ್ಲಿದ್ದ ತನ್ನ ಯಂತ್ರಕ್ಕೆ ಒಂದು ವೈರು ಎಳೆದ. ಆ ಯಂತ್ರವನ್ನು ಬೇರೆ ಬೋರ್ಡಿಗೆ ಸಿಕ್ಕಿಸಿದ್ದ. ಭವನದ ತುಂಬ ಅದೇ ಮೊರೆತ ಎದ್ದಿತು. ಹಿಂದಿನ ಸಾಲಿನವರು ನಕ್ಕರು.

"ಸಾಬ್ರೇ, ಅರ್ಥಿಂಗ್ ಕಿತ್ತಾಕಿ, ಸರಿ ಹೋಯ್ತದೆ," ಎಂದು ಮೈಕಿನವನು ಕೂಗಿದ.

ಸಾಹೇಬರ ಕೈ ಪ್ಲಗ್ಗಿನ ಮೇಲೆ ಹೋಯಿತು. ಆ ಗಳಿಗೆ ನನ್ನ ನಾಲಿಗೆಗೆ ಇಷ್ಟದೇವತೆಯ ಹೆಸರೂ ಬರಲಿಲ್ಲ. ಅವರು ತಲೆಯೆತ್ತಿ ಸಾಲಿನಲ್ಲಿ ನನ್ನನ್ನು ಹುಡುಕಿ ನೋಡಿದರು. ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮೈಕಿಗೆ ಬಾಯಿ ಕೊಟ್ಟರು.

"ಇದು ನಮ್ ಮೇಷ್ಟ್ರು ಕೊಟ್ಟಿರೋ ಶ್ರುತಿ. ಇದ್ರಲ್ಲೇ ಹಾಡ್ತೀನಿ, ಒಸಿ ಸಹಿಸ್ಕಳಿ."

ಆ ಮೊರೆತದ ಮೇಲೆಯೇ ಮೊದಲ ಹಾಡು ನಡೆಯಿತು. ಅದಾದ ಬಳಿಕ ಯಾರೋ ಉದ್ದನೆಯ ವೈರಿನ ಬೋರ್ಡು ತಂದು, ಎರಡನ್ನೂ ಒಂದೇ ಕಡೆ ಸಿಕ್ಕಿಸಿ ಸರಿಪಡಿಸಿದರು. ಮುಂದಿನ ಹಾಡುಗಳು ಯಾವುವೋ ನನಗೆ ನೆನಪಿಲ್ಲ...

ಸಾಹೇಬರು ಆಮೇಲೆ ಕೆಲವು ವರ್ಷ ಇದ್ದರು. ಒಂದು ಬೆಳಿಗ್ಗೆ ಅವರ ಮನೆಯವರು ಗೋಡೆಯಾಚೆಯಿಂದ ಕೂಗಿದರು. ಕೂಗಿದ ರೀತಿಯಲ್ಲೇ ತಿಳಿಯಿತು. ಪೂಜೆಯ ಮಡಿಯಲ್ಲೇ ಓಡಿದೆ. ಮುಂಗೋಣೆಯ ಕುರ್ಚಿಯಲ್ಲಿ ಅವರು ಒರಗಿದ್ದರು, ಗಿಟಾರು ತೊಡೆಯ ಮೇಲಿತ್ತು. ನಾನು ಅವರ ಮುಖ ನೋಡಲಿಲ್ಲ, ನಾಡಿ ಹಿಡಿಯಲಿಲ್ಲ. ಮೊದಲು ನೋಡಿದ್ದು ಗೋಡೆಯ ಪ್ಲಗ್ಗನ್ನು. ಅದನ್ನು ಸಿಕ್ಕಿಸಿರಲೇ ಇಲ್ಲ. ಆಂಪ್ಲಿಫೈಯರ್ ತಣ್ಣಗಿತ್ತು. ಹೃದಯ ನಿಂತಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ನಾನು ಅಷ್ಟು ವರ್ಷ ಕಾದು ನಿಂತಿದ್ದ ದಾರಿಯಿಂದ ಸಾವು ಬರಲಿಲ್ಲ.

ಅವರ ಮನೆಯವರು ಈಗ ಮಗಳ ಜೊತೆ ಸಕಲೇಶಪುರದಲ್ಲಿದ್ದಾರೆ. ಪಕ್ಕದ ಮನೆಗೆ ಬಾಡಿಗೆಯವರು ಬಂದಿದ್ದಾರೆ. ಒಳ್ಳೆಯ ಜನ, ಸದ್ದು ಮಾಡುವವರಲ್ಲ. ಸಂಜೆ ವೀಣೆಯ ಮುಂದೆ ಕುಳಿತಾಗ ಗೋಡೆಯಾಚೆ ಏನೂ ಕೇಳಿಸುವುದಿಲ್ಲ. ಅದು ನೆಮ್ಮದಿಯಾಗಬೇಕಿತ್ತು. ಆದರೆ ನನ್ನ ಬೆರಳು ತಂತಿಯ ಮೇಲೆಯೇ ನಿಲ್ಲುತ್ತದೆ, ಮುಂದಿನ ಸ್ವರ ಅಲ್ಲಿಂದ ಬರಲೆಂದು ಉಸಿರು ಹಿಡಿದು ಕಾಯುತ್ತೇನೆ...