ಜಪಾನಿನಿಂದ ವಾಪಸ್ ಬಂದ ಕಾವಲಿ

ಮೂರನೆಯ ಏಟಿಗೆ ಕಾವಲಿ ಒಡೆಯಿತು. ಹೊಡೆದವನು ನಾನು. ಸಿಡಿದ ಚೂರೊಂದು ಅಣ್ಣನ ಹುಬ್ಬಿಗೆ ಬಡಿದು ರಕ್ತ ಬಳಬಳ ಸುರಿಯಿತು.

ಅದು ಅಮ್ಮನ ಎರಕದ ಕಬ್ಬಿಣದ ದೋಸೆ ಕಾವಲಿ. ಅಣ್ಣ ಅದನ್ನು ಉಡುಪಿಯಿಂದ ಜಪಾನಿಗೆ ಹೊತ್ತುಕೊಂಡು ಹೋಗಿ, ಕಡಲ ತಡಿಯ ಊರೊಂದರಲ್ಲಿ ನಾಲ್ಕು ಮೇಜಿನ ದೋಸೆ ಅಂಗಡಿ ಇಟ್ಟಿದ್ದ. ಅಲ್ಲಿ ಭೂಮಿ ನಡುಗಿತು, ಸಮುದ್ರ ನುಗ್ಗಿತು, ಬೆನ್ನಿಗೇ ಅಣುಸ್ಥಾವರ ಸಿಡಿಯಿತು. ಅಂಗಡಿ ಗುಡ್ಡದ ಮೇಲಿದ್ದುದರಿಂದ ಉಳಿಯಿತು. ಆದರೆ ವಿಕಿರಣದ ಭಯಕ್ಕೆ ರೈತರು ಪಾಲಕ್ ಸೊಪ್ಪನ್ನು ಹೊಲದಲ್ಲೇ ಕೊಳೆಯಲು ಬಿಟ್ಟರು, ಕರೆದ ಹಾಲನ್ನು ಮಣ್ಣಿಗೆ ಚೆಲ್ಲಿದರು, ಮೀನಿನ ದೋಣಿಗಳು ದಡ ಬಿಡಲಿಲ್ಲ. ದುಡಿಮೆಯಿಲ್ಲದ ಜನ ಊರು ಬಿಟ್ಟರು. ಗಿರಾಕಿಯೇ ಇಲ್ಲದ ಮೇಲೆ ದೋಸೆ ಯಾರಿಗೆ ಹೊಯ್ಯುವುದು? ಬಾಗಿಲು ಹಾಕಿ ಅಣ್ಣ ನನ್ನ ಹತ್ತಿರ ಬಂದ.

ನನ್ನ ಮನೆ ಕಲ್ಯಾಣದಲ್ಲಿ, ಸಣ್ಣ ವೆಜ್ ಹೋಟೆಲು ಡೊಂಬಿವಲಿ ಸ್ಟೇಷನ್ ಹತ್ತಿರ. ಬಂದ ದಿನವೇ ಅಣ್ಣ ಒಂದು ಕಾಗದ ಕೊಟ್ಟ.

"ಅಲ್ಲಿಯ ಆಫೀಸಿನವರು ಎರಡೆರಡು ಸಲ ಮಿಷಿನ್ ಹಿಡಿದು ನೋಡಿದ್ದಾರೆ. ಕಾವಲಿಗೆ ವಿಕಿರಣ ಎಂತದೂ ತಾಗಲಿಲ್ಲ ಅಂತ ಇಂಗ್ಲಿಷಿನಲ್ಲೇ ಬರ್ದು ಕೊಟ್ಟಿದ್ದಾರೆ. ಇಟ್ಕೋ ಮಾರಾಯ, ಯಾರಾದ್ರೂ ಕೇಳಿದ್ರೆ ಬೇಕಾಗ್ತದೆ."

ರೈಲಿನ ಪಾಸಿನ ಕವರಿನೊಳಗೆ ಅದನ್ನು ಮಡಚಿ ಇಟ್ಟೆ. ಆ ಕವರು ದಿನವೂ ನನ್ನ ಜೇಬಿನಲ್ಲೇ ಇರುತ್ತದೆ.

ಅಣ್ಣ ನೀರುದೋಸೆ ಹೊಯ್ಯಲು ನಿಂತ. ಜನ ಮುಗಿಬಿದ್ದರು. ನನಗೆ ತಲೆ ತಿರುಗಿತು ನೋಡಿ, ಹೊರಗಿನ ಕರಿಹಲಗೆಯ ಮೇಲೆ 'ಜಪಾನ್ ರಿಟರ್ನ್ ದೋಸಾ' ಅಂತ ದಪ್ಪಕ್ಷರದಲ್ಲಿ ನಾನೇ ಬರೆದೆ. ಥೂ, ನನ್ನ ಬುದ್ಧಿಗಿಷ್ಟು!

ನಾಲ್ಕನೆಯ ದಿನ ಬೆಳಿಗ್ಗೆ ದೋಸೆ ತಿಂದ ಮಗುವೊಂದು ವಾಂತಿ ಮಾಡಿತು. ಅದರಪ್ಪ ಹಲಗೆ ನೋಡಿದ. "ಜಪಾನ್ ಕಾ ಜಹರ್ ಖಿಲಾತಾ ಹೈ, ಸಾಲಾ!" ಜಪಾನಿನ ವಿಷ ತಿನ್ನಿಸುತ್ತಾನೆ ಎಂದು ಕಿರುಚುತ್ತ ಒಳನುಗ್ಗಿ ಅಣ್ಣನ ಕಾಲರ್ ಹಿಡಿದು ಕೆನ್ನೆಗೆ ಬಾರಿಸಿದ. ರಸ್ತೆಯವರೂ ನುಗ್ಗಿದರು. ಗ್ಲಾಸುಗಳು ಗೋಡೆಗೆ ಹಾರಿದವು. ಯಾರೋ ಅಣ್ಣನ ಹೊಟ್ಟೆಗೆ ಒದ್ದರು. ಕೆಳಗೆ ಬಿದ್ದವನು ನನ್ನತ್ತ ಕೈ ಚಾಚಿ, "ಕಾಗದ ತೋರ್ಸು ಮಾರಾಯ, ಕಾಗದ!" ಎಂದು ಕೂಗಿದ.

"ತವಾ ತೋಡ್!" ಕಾವಲಿ ಒಡೆ ಎಂದಿತು ಗುಂಪು.

ಐಸ್ ಒಡೆಯುವ ಸುತ್ತಿಗೆ ಕೈಗೆ ಸಿಕ್ಕಿತು. ಬಿಸಿ ಕಾವಲಿಯನ್ನು ಇಕ್ಕಳದಿಂದ ಎಳೆದು ನೆಲಕ್ಕೆ ಹಾಕಿ ಬಡಿದೆ. ಅಣ್ಣ ತೆವಳಿಕೊಂಡು ಬಂದು ಅಡ್ಡ ಕೈ ಇಟ್ಟ. ಕೈಯನ್ನು ಕಾಲಿನಿಂದ ಒದ್ದು ಮತ್ತೆ ಬಡಿದೆ. ಒಡೆದಾಗ ಜನ ಚಪ್ಪಾಳೆ ತಟ್ಟಿದರು. ಹೋಟೆಲು ಉಳಿಯಿತು.

ಗುಂಪು ಕರಗುವ ಹೊತ್ತಿಗೆ ದಿನದ ಪಾಲಕ್ ಚೀಲ ಬಂತು. ರೈಲು ಹಳಿಯ ಪಕ್ಕದ ಸೊಪ್ಪು ಅದು. ಕಾರ್ಖಾನೆಗಳ ಬಣ್ಣದ ನೀರು ಹರಿಯುವ ನಾಲೆಯಿಂದಲೇ ಅದಕ್ಕೆ ನೀರು ಹಾಯಿಸುತ್ತಾರೆ. ನನಗೆ ಗೊತ್ತು, ತಿನ್ನುವವರಿಗೂ ಗೊತ್ತು. ಹುಬ್ಬಿಗೆ ಬಟ್ಟೆ ಒತ್ತಿಕೊಂಡ ಅಣ್ಣ ಒಂದು ಕಟ್ಟು ಎತ್ತಿ ಮೂಸಿದ.

"ಇದಕ್ಕೆ ಕಾಗದ ಉಂಟಾ?"

ನಾನು ಚೀಲವನ್ನು ಒಳಗೆಳೆದುಕೊಂಡೆ.

"ನನ್ನದೆಲ್ಲಿ?"

ಪಾಸಿನ ಕವರಿನಿಂದ ತೆಗೆದು ಕೊಟ್ಟೆ. ಅವನು ಕಾಗದವನ್ನೂ ನನ್ನ ಜೇಬನ್ನೂ ನೋಡಿದ. "ಇಲ್ಲೇ ಇತ್ತಾ?"

"ಗಡಿಬಿಡಿಯಲ್ಲಿ ನೆನಪಾಗ್ಲಿಲ್ಲ ಅಣ್ಣ."

ಅವನು ಚೂರುಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ಅವತ್ತೇ ಹೋದ. ಈಗ ಬೇಲಾಪುರದ ಒಂದು ಕ್ಯಾಂಟೀನಿನಲ್ಲಿ ಅನ್ನ ಸಾರು ಮಾಡುತ್ತಾನೆ. ದೋಸೆ ಮಾತ್ರ ಹೊಯ್ಯುವುದಿಲ್ಲ. ಹಬ್ಬಕ್ಕೆ ಮನೆಗೆ ಬಂದಾಗ, "ನಿನಗೆ ಗಡಿಬಿಡಿಯಲ್ಲಿ ನೆನಪಾಗ್ಲಿಲ್ಲ, ಬಿಡು" ಎಂದು ಅವನೇ ನನ್ನನ್ನು ಸಮಾಧಾನ ಮಾಡುತ್ತಾನೆ.

ನೆನಪಿತ್ತು. ಅವನು ಕೂಗುವ ಮೊದಲೇ ನನ್ನ ಕೈ ಜೇಬಿನಲ್ಲಿತ್ತು, ಬೆರಳಿಗೆ ಕಾಗದ ಸಿಕ್ಕಿತ್ತು. ತೆಗೆದರೆ ನನಗೂ ಬೀಳುತ್ತದೆ ಅಂತ ಕೈ ಹೊರಗೆಳೆದುಕೊಂಡು ಸುತ್ತಿಗೆ ಹಿಡಿದೆ.