ಬಿ ಪಾಸಿಟಿವ್

ನಾನು ಓದಿದ್ದು ಹೈಸ್ಕೂಲಿನವರೆಗೆ ಮಾತ್ರ. ಆದರೆ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಚೀಟಿ ಓದಿ ಸಾಮಾನು ಕೊಟ್ಟವನು. ಹಾಗಾಗಿ ಹೊಸ ತಿಪ್ಪಸಂದ್ರದ ನಮ್ಮ ಮನೆಗೆ ಯಾವ ಇಂಗ್ಲಿಷ್ ಕಾಗದ ಬಂದರೂ ಮೊದಲು ನಾನೇ ಓದಬೇಕು. ನನಗಿಂತ ಹೆಚ್ಚು ಓದಿದ ಮಗಳು ಚೊಚ್ಚಲ ಹೆರಿಗೆಗೆ ಬಂದಾಗಲೂ ಆ ಜಂಬ ಬಿಡಲಿಲ್ಲ.

ಎಂಟು ತಿಂಗಳು ತುಂಬಿದ ಮೇಲೆ ಹಲಸೂರಿನ ಡಾಕ್ಟರಮ್ಮ ಏನೋ ಪರೀಕ್ಷೆ ಬರೆದುಕೊಟ್ಟರು. ಹೆಂಗಸರ ವಿಷಯವೆಂದು ನಾನು ಏನು ಎತ್ತ ಎಂದು ಕೇಳಲಿಲ್ಲ. ಬುಧವಾರ ಲ್ಯಾಬಿನಿಂದ ರಿಪೋರ್ಟು ತಂದವನು ಬಸ್ಸಿನಲ್ಲೇ ಬಿಡಿಸಿ ನೋಡಿದೆ. 'ಗ್ರೂಪ್ ಬಿ' ಎಂದಿತ್ತು, ಮುಂದೆ ಉದ್ದನೆಯ ಒಂದು ಪದ, ಕೊನೆಗೆ 'ಪಾಸಿಟಿವ್'.

"ನಿನ್ನ ರಕ್ತ ಬಿ ಪಾಸಿಟಿವ್ ಅಂತ ಬಂದಿದೆ," ಎಂದೆ ಬಾಗಿಲಲ್ಲೇ.

"ಅದು ಮದುವೆಗೆ ಮುಂಚಿಂದ್ಲೂ ಗೊತ್ತಲ್ಲಪ್ಪ," ಎಂದು ಮಗಳು ನಕ್ಕಳು. "ಸ್ವಾಬ್ ರಿಪೋರ್ಟ್ ಬರ್ಲಿಲ್ವಾ?"

"ಬರುತ್ತೆ ಬಿಡು," ಎಂದು ಕಾಗದವನ್ನು ಫೈಲಿಗೆ ಸೇರಿಸಿದೆ.

ಮಾರನೆಯ ದಿನ ಕಬ್ಬಿಣಾಂಶದ ಮಾತ್ರೆ ತರಲು ಫೈಲು ಹಿಡಿದು ಮಾರ್ಕೆಟ್ ರಸ್ತೆಯ ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ಚೀಟಿ ಹುಡುಕುತ್ತಾ ಆ ಕಾಗದ ಕಂಡು ಕೈ ನಿಲ್ಲಿಸಿದ.

"ಅಂಕಲ್, ಇದನ್ನ ಡಾಕ್ಟ್ರಿಗೆ ತೋರ್ಸಿದ್ರಾ?"

"ಬ್ಲಡ್ ಗ್ರೂಪ್ ತಾನೆ?"

"ಬ್ಲಡ್ ಗ್ರೂಪಾ! ಚೆನ್ನಾಗಿ ಓದಿದ್ರಿ ಬಿಡಿ," ಎಂದು ನಕ್ಕ. ಆಮೇಲೆ ದನಿ ಇಳಿಸಿ ಹೇಳಿದ: "ಇದು ಸ್ವಾಬ್ ರಿಪೋರ್ಟು, ಗ್ರೂಪ್ ಬಿ ಅನ್ನೋದು ಒಂದು ಕ್ರಿಮಿ. ಸೋಂಕು ಅಂಕಲ್. ಹೆರೋವಾಗ ಮಗೂಗೆ ತಗಲಿದ್ರೆ ಕಷ್ಟ. ನೋವು ಶುರುವಾದ ಕೂಡ್ಲೆ ಇಂಜೆಕ್ಷನ್ ಹಾಕ್ಬೇಕು. ಬೇಗ ತೋರ್ಸಿ."

ನೆಟ್ಟಗೆ ಮನೆಗೆ ಬಂದು ಹೇಳಬೇಕಿತ್ತು, ಹೇಳಲಿಲ್ಲ. ಓದಲು ಬಾರದವನೆಂದು ನಗುತ್ತಾರೆಂಬ ಅಳುಕು ಒಂದು ಕಡೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಹೆರುವ ಜಾಗದ ಸೋಂಕೆಂದರೆ ಗಂಡನಿಂದ ಬಂದ ಕೆಟ್ಟ ರೋಗವೇ ಇರಬೇಕೆಂದು ನಾನು ತೀರ್ಮಾನಿಸಿಬಿಟ್ಟೆ. ಹೇಳಿದರೆ ಮಗಳ ಸಂಸಾರ ಮುರಿದೀತು. ಅಳಿಯ ಫೋನು ಮಾಡಿ "ಹೇಗಿದ್ದೀರಿ ಮಾವ?" ಎಂದರೆ ಉತ್ತರಿಸದೆ ಹೆಂಡತಿಯ ಕೈಗೆ ಕೊಟ್ಟೆ. ಕಾಗದವನ್ನು ಫೈಲಿನಿಂದ ತೆಗೆದು ಅಂಗಿಯ ಜೇಬಿಗೆ ಸೇರಿಸಿದೆ. ಹೇಗೂ ಸೋಮವಾರ ತಪಾಸಣೆಯಿದೆ, ಡಾಕ್ಟರಮ್ಮನನ್ನು ಒಂಟಿಯಾಗಿ ಕಂಡು ಹೇಳೋಣವೆಂದುಕೊಂಡೆ. ಅಲ್ಲಿಯವರೆಗೆ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತರೂ ನಾನು ಎದ್ದು ಹತ್ತಿರ ಹೋಗುತ್ತಿದ್ದೆ. "ನೋವಾ?" ಎಂದು ಎಷ್ಟು ಸಲ ಕೇಳಿದೆನೋ. "ನಿಮ್ಗೇ ನೋವು ಬಂದ ಹಾಗಿದೆ," ಎಂದು ಹೆಂಡತಿ ಗದರಿದಳು.

ಸೋಮವಾರಕ್ಕೆ ನೋವು ಕಾಯಲಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಶುರುವಾಯಿತು. ಆಟೋದಲ್ಲಿ ಹಲಸೂರಿಗೆ ಹೋಗುವಷ್ಟೂ ದಾರಿ ಜೇಬಿನ ಮೇಲಿನ ಕೈ ತೆಗೆಯಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ.

"ಸ್ವಾಬ್ ರಿಪೋರ್ಟ್ ಎಲ್ಲಿ?" ಎಂದು ನರ್ಸು ಕೇಳಿದಳು.

"ಇನ್ನೂ ಬಂದಿಲ್ಲ ಸಿಸ್ಟರ್," ಎಂದಳು ಮಗಳು, ಹಲ್ಲು ಕಚ್ಚಿಕೊಂಡು.

ಆಗ ಕಾಗದ ತೆಗೆದು ಕೊಟ್ಟೆ. ಡಾಕ್ಟರಮ್ಮ ತಾರೀಖು ನೋಡಿ ನನ್ನ ಮುಖ ನೋಡಿದರು. "ಬುಧವಾರವೇ ಬಂದಿದೆಯಲ್ರೀ!" ಆಮೇಲೆ ನನ್ನ ಕಡೆ ತಿರುಗದೆ ಇಂಜೆಕ್ಷನ್ನಿಗೆ ಹೇಳಿದರು. ಹೆರಿಗೆಗೆ ನಾಲ್ಕು ಗಂಟೆಯಾದರೂ ಮುಂಚೆ ಔಷಧಿ ಒಳಗೆ ಹೋಗಿರಬೇಕಂತೆ. ಹೊರಗೆ ಬೆಂಚಿನ ಮೇಲೆ ಕೂತು, ಇನ್ನೂ ಸ್ವಲ್ಪ ಹೊತ್ತು ತಡೆ ತಾಯಿ ಎಂದು ಬೇಡಿಕೊಂಡೆ. ಮಗಳು ನೋವಿನಲ್ಲಿ ಕೂಗುವಾಗ ತಡವಾಗಲಿ ಎಂದು ಬೇಡಿದ ತಂದೆ ನಾನು. ಔಷಧಿ ಹೋಗಿ ಎರಡು ಗಂಟೆಯೂ ಆಗಿರಲಿಲ್ಲ, ಮಗು ಅತ್ತಿತು.

ಹೆಣ್ಣುಮಗು. ಎರಡು ದಿನ ನಿಗಾ ಇಡಬೇಕೆಂದು ಬೇರೆ ಕೋಣೆಗೆ ಒಯ್ದರು. ಧೈರ್ಯ ಮಾಡಿ ಡಾಕ್ಟರಮ್ಮನನ್ನು ಕೇಳಿದೆ, ಇದು ಗಂಡನಿಂದ ಬಂದದ್ದೇ ಎಂದು. "ಅಯ್ಯೋ, ಯಾರಿಂದ್ಲೂ ಅಲ್ಲ. ಎಷ್ಟೋ ಆರೋಗ್ಯವಂತ ಹೆಂಗಸರ ಮೈಯಲ್ಲಿ ಇರುತ್ತೆ," ಎಂದರು. ಆ ಹೊತ್ತಿಗೆ ಅಳಿಯ ಗಾಜಿನಾಚೆ ಮಗುವನ್ನು ನೋಡುತ್ತಾ ನಿಂತಿದ್ದ. ಅವನ ಪಕ್ಕದಲ್ಲಿ ನಿಲ್ಲಲು ನನ್ನಿಂದಾಗಲಿಲ್ಲ.

ಮೂರನೆಯ ದಿನ ಮಗುವನ್ನು ತಾಯಿಯ ಮಗ್ಗುಲಿಗೆ ಕೊಟ್ಟರು, ಏನೂ ಆಗಿರಲಿಲ್ಲ. ಆಗ ಮಗಳು ಕೇಳಿದಳು, "ಅಪ್ಪ, ರಿಪೋರ್ಟ್ ಯಾಕೆ ಕೊಡ್ಲಿಲ್ಲ?"

"ಮರ್ತುಬಿಟ್ಟೆ ಕಣಮ್ಮ," ಎಂದೆ.

"ಹೋಗ್ಲಿ ಬಿಡಿ, ನಿಮ್ಗೂ ವಯಸ್ಸಾಯ್ತು," ಎಂದು ನನ್ನ ಕೈ ಸವರಿದಳು.

ಅಂದಿನಿಂದ ಮನೆಯಲ್ಲಿ ನನಗೆ ಮರೆವಿನವನೆಂದು ಹೆಸರು. ಅಳಿಯ ಬಂದಾಗಲೆಲ್ಲ ನನ್ನ ಮಾತ್ರೆಗಳನ್ನು ತಾನೇ ಎಣಿಸಿ ಡಬ್ಬಿಗೆ ಹಾಕಿಡುತ್ತಾನೆ. ಅವನು ಕೊಟ್ಟದ್ದನ್ನು ನಾನು ನುಂಗುತ್ತೇನೆ.